ಕಾಮಾಲೆ ಬಾರದವರ ಕ್ಷೇಮಸಮಾಚಾರ

ನನ್ನ ಕಣ್ಣು ಹಳದಿಯಾಗಿರುವುದನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ. ನನ್ನ ಗಂಡನಂತೂ ಅಲ್ಲ (ಅವರು ನನ್ನ ಮುಖವನ್ನು ನೆಟ್ಟಗೆ ನೋಡುವುದು ಕಾಫಿ ತಣ್ಣಗಾದಾಗ ಮಾತ್ರ). ಕೃಷ್ಣಮೂರ್ತಿಪುರಂನ ನಮ್ಮ ಬೀದಿಗೆ ಬೆಳಿಗ್ಗೆ ಹೂವು ತರುವ ಪುಟ್ಟತಾಯಮ್ಮ, ಮೊಳ ಹಾಕುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಮ್ಮಾರೇ, ನಿಮ್ ಕಣ್ಣು ಸ್ಯಾವಂತ್ಗೆ ಬಣ್ಣಕ್ ತಿರುಗ್ಬುಟ್ಟವೆ. ಮೊದ್ಲು ಓಗಿ ತೋರುಸ್ಕಳಿ."

ತೋರಿಸಿಕೊಂಡೆ. ಕಾಮಾಲೆ. ರಕ್ತಪರೀಕ್ಷೆ ಮಾಡಿಸಿದ ಡಾಕ್ಟರು ಇದು ಹೆಪಟೈಟಿಸ್ ಎ, ಕೆಟ್ಟ ನೀರಿನಿಂದಲೋ ಆಹಾರದಿಂದಲೋ ಬರುವಂಥದ್ದು, ಹೆದರಬೇಡಿ, ರೆಸ್ಟ್ ತಗೊಳ್ಳಿ, ಕಂಡವರು ಹೇಳಿದ ಔಷಧಿ ನುಂಗಬೇಡಿ ಎಂದರು. ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವಳು ಗಾಬರಿಯಾಗಲಿಲ್ಲ. "ನಿಂಗೂ ಬಂತಾ?" ಎಂದಳು, ಅಷ್ಟೇ.

ಅಂದರೆ ಇನ್ನು ಯಾರಿಗೆ?

ಅಕ್ಕನಿಗೆ ಬಂದಿತ್ತು. ಭಾವನಿಗೆ ಬಂದಿತ್ತು. ಅಕ್ಕನ ಬೀಗಿತ್ತಿಗೆ ಬಂದು ಅವರು ಆಸ್ಪತ್ರೆ ಸೇರಿ ಡ್ರಿಪ್ ಹಾಕಿಸಿಕೊಂಡು ಮನೆಗೆ ವಾಪಸಾಗಿದ್ದರು. ಅಕ್ಕನ ಮಗಳು ಮೇಘನಾಳ ಮದುವೆ ಆಗಿ ಹೆಚ್ಚುಕಮ್ಮಿ ತಿಂಗಳಾಗಿತ್ತು. ಮದುವೆಗೆಂದು ಮಾಡಿದ್ದ ವಾಟ್ಸ್ಆ್ಯಪ್ ಗ್ರೂಪು ಇನ್ನೂ ಜೀವಂತವಿತ್ತು. ಅಲ್ಲಿವರೆಗೆ ಅದರಲ್ಲಿ ಗುಡ್ ಮಾರ್ನಿಂಗ್ ಗುಲಾಬಿಗಳು ಬರುತ್ತಿದ್ದವು. ಈಗ ಲ್ಯಾಬ್ ರಿಪೋರ್ಟುಗಳು ಬರತೊಡಗಿದವು. ಯಾರ ಬಿಲಿರುಬಿನ್ ಎಷ್ಟು ಎಂದು ಎಸ್ಸೆಸ್ಸೆಲ್ಸಿ ಮಾರ್ಕ್ಸಿನ ಥರ ಹೋಲಿಸಿ ನೋಡುತ್ತಿದ್ದರು. ಕಡಿಮೆ ಬಂದವರಿಗೆ ಸ್ವಲ್ಪ ಬೇಜಾರೂ ಆಗುತ್ತಿತ್ತು ಅಂತ ನನ್ನ ಗುಮಾನಿ.

ಸಲಹೆಗಳಿಗಂತೂ ಬರವಿರಲಿಲ್ಲ. ಅರಿಶಿನ ಮುಟ್ಟಬೇಡ (ಮೊದಲೇ ಹಳದಿ, ಇನ್ನೂ ಹಳದಿ ಯಾಕೆ ಅನ್ನುವ ವಿಜ್ಞಾನ). ಒಗ್ಗರಣೆಯ ವಾಸನೆ ಕೂಡ ಕುಡಿಯಬೇಡ. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ಯಾರೋ ಸೊಪ್ಪು ಅರೆದು ಕೊಡುತ್ತಾರೆ, ಹೋಗುವಾಗ ಹಿಂತಿರುಗಿ ನೋಡಬೇಡ. ನನ್ನ ಮೈದುನ ಪಾಪ, ಪ್ರೀತಿಯಿಂದ ರಸ್ತೆ ಬದಿಯ ಕಬ್ಬಿನ ಹಾಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಸಿ, ಜೊತೆಗೆ ಐಸನ್ನೂ ಹಾಕಿಸಿಕೊಂಡು ತಂದುಕೊಟ್ಟ. ಕಾಮಾಲೆಗೆ ತಂಪು ಒಳ್ಳೇದು ಅತ್ತಿಗೆ, ಕುಡಿದುಬಿಡಿ ಎಂದ.

ಇಷ್ಟು ಜನರಿಗೆ ಒಟ್ಟಿಗೇ ಹೇಗೆ ಬಂತು? ಮೊದಮೊದಲು ಎಲ್ಲರೂ ಹಿಂದಿನ ದಿನ ತಿಂದದ್ದನ್ನು ನೆನಪಿಸಿಕೊಂಡರು. ನಮ್ಮ ಲೆಕ್ಕದಲ್ಲಿ ಎಲ್ಲ ಕಾಯಿಲೆಗೂ ನಿನ್ನೆಯ ಊಟವೇ ಕಾರಣ. ಬೀಗಿತ್ತಿಯ ಡಾಕ್ಟರು ಮಾತ್ರ, ಈ ಕಾಯಿಲೆ ಒಳಗೆ ಹೊಕ್ಕಮೇಲೆ ತೋರಿಸಿಕೊಳ್ಳುವುದಕ್ಕೆ ಸುಮಾರು ಒಂದು ತಿಂಗಳು ತಗೊಳ್ಳುತ್ತೆ ಎಂದು ಹೇಳಿಬಿಟ್ಟರು. ತಿಂಗಳ ಹಿಂದೆ ನಾವೆಲ್ಲ ಎಲ್ಲಿದ್ದೆವು? ಮದುವೆ ಛತ್ರದಲ್ಲಿ.

ಅಷ್ಟು ಸಾಕಾಯಿತು. ಅಕ್ಕನ ಗಂಡ ರಂಗನಾಥ ಭಾವ ಗ್ರೂಪಿನಲ್ಲಿ ತೀರ್ಪು ಕೊಟ್ಟೇಬಿಟ್ಟರು. ಅಡುಗೆಯವರ ಕೈ ಶುದ್ಧ ಇರಲಿಲ್ಲ, ನಾನು ಆವತ್ತೇ ಗಮನಿಸಿದ್ದೆ, ಶುಭಕಾರ್ಯದಲ್ಲಿ ಯಾಕೆ ಗಲಾಟೆ ಅಂತ ಸುಮ್ಮನಿದ್ದೆ. ಭಾವ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು. ಅವರು ಏನನ್ನಾದರೂ ಆವತ್ತೇ ಗಮನಿಸಿದ್ದರು ಎಂದು ನಮಗೆ ತಿಳಿಯುವುದು ಯಾವಾಗಲೂ ಆಮೇಲೆಯೇ.

ಅಡುಗೆಯವರು ಅಂದರೆ ಶಂಕರಣ್ಣ. ನಮ್ಮ ಹಿಂದಿನ ಬೀದಿಯಲ್ಲೇ ಮನೆ. ನನ್ನ ಮದುವೆಯಲ್ಲೂ ಅವರದೇ ಅಡುಗೆ, ನನ್ನ ಮಗನ ನಾಮಕರಣಕ್ಕೂ ಅವರೇ. ಸಿಡುಕು ಮನುಷ್ಯ. ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಕಾಲಿಟ್ಟರೆ ಮದುವೆ ಗಂಡಾದರೂ ಸರಿ, ಸೌಟು ಹಿಡಿದೇ ಹೊರಗೆ ಕಳಿಸುತ್ತಾರೆ. ಕುಡಿಯುವ ನೀರಿನ ಪಾತ್ರೆಗೆ ಯಾರಾದರೂ ಲೋಟ ಅದ್ದಿದರೆ ಮುಗಿಯಿತು, ಆ ಇಡೀ ಪಾತ್ರೆ ಬಚ್ಚಲಿಗೆ. ಆದರೆ ಅವರ ಬಿಸಿಬೇಳೆಭಾತು ತಿಂದವರು ಬೈಸಿಕೊಂಡದ್ದನ್ನು ಮರೆತುಬಿಡುತ್ತಾರೆ.

ಅಂಥ ಶಂಕರಣ್ಣನ ಹೆಸರು ಒಂದೇ ವಾರದಲ್ಲಿ ಕೆಟ್ಟುಹೋಯಿತು. ಭಾವನ ಮೆಸೇಜು ನಮ್ಮ ಗ್ರೂಪಿನಿಂದ ಬೇರೆ ಗ್ರೂಪಿಗೆ, ಅಲ್ಲಿಂದ ಮತ್ತೊಂದಕ್ಕೆ ಫಾರ್ವರ್ಡ್ ಆಯಿತು. ನಮ್ಮ ಎದುರು ಮನೆಯವರ ಗೃಹಪ್ರವೇಶದಿಂದ ಅವರನ್ನು ಕೈಬಿಟ್ಟರು. ಪಕ್ಕದ ಬೀದಿಯ ಸೀಮಂತದಿಂದ ಕೈಬಿಟ್ಟರು. ಕೊನೆಗೆ ಶ್ರೀಕಂಠು ಚಿಕ್ಕಪ್ಪ, ಆಷಾಢ ಬರುವುದರೊಳಗೆ ಮೊಮ್ಮಗನ ಉಪನಯನ ಇಟ್ಟುಕೊಂಡಿದ್ದವರು, ನಿಮ್ಮ ಅಡುಗೆ ಬೇಡ ಎಂದು ಯಾರ ಹತ್ತಿರವೋ ಹೇಳಿ ಕಳಿಸಿದರು. ಆ ಸೀಸನ್ನಿನಲ್ಲಿ ಶಂಕರಣ್ಣನಿಗೆ ಉಳಿದಿದ್ದ ದೊಡ್ಡ ಕೆಲಸ ಅದೊಂದೇ. ಮದುವೆ ಕಾಲದಲ್ಲಿ ಮನೆಯಲ್ಲಿ ಕೂತ ಅಡುಗೆಯವರನ್ನು ಮುಂದಿನ ವರ್ಷ ಯಾರು ಕರೆಯುತ್ತಾರೆ?

ಅದರಿಂದ ನನಗೆ ನಿಜಕ್ಕೂ ಸಂಕಟವಾಯಿತು. ಆದರೆ ಸಂಕಟಪಟ್ಟು ಮಾಡುವುದೇನು? ನನಗೂ ಬೇರೆ ಕಾರಣ ಹೊಳೆಯುತ್ತಿರಲಿಲ್ಲ. ಮದುವೆಯಲ್ಲಿ ಊಟ ಮಾಡಿದ್ದೆವು, ಕಾಯಿಲೆ ಬಂದಿತ್ತು, ಅಡುಗೆ ಅವರದು.

ಆಗ ನನ್ನನ್ನು ನೋಡಲು ವಿನುತಾ ಬಂದಳು. ಕಬ್ಬಿನ ಹಾಲು ತಂದ ಅದೇ ಮೈದುನನ ಮಗಳು. ಎಂಬಿಬಿಎಸ್ ಮುಗಿಸಿ ಈಗ ಕಮ್ಯುನಿಟಿ ಮೆಡಿಸಿನ್ ಓದುತ್ತಿದ್ದಾಳೆ. ನಮ್ಮ ಮನೆತನಕ್ಕೆ ಇದು ಇನ್ನೂ ಅರಗದ ವಿಷಯ. ಪಾಪ, ಹುಡುಗಿಗೆ ಸರ್ಜರಿ ಸಿಗಲಿಲ್ಲ ಎಂದು ಮದುವೆ ಮುಂಜಿಗಳಲ್ಲಿ ಅವಳಿಲ್ಲದಾಗ ಮರುಗುತ್ತೇವೆ. ಶ್ರೀಕಂಠು ಚಿಕ್ಕಪ್ಪ ಒಮ್ಮೆ ನೇರವಾಗಿಯೇ ಕೇಳಿದ್ದರು, ನೀನು ಯಾವ ಅಂಗದ ಡಾಕ್ಟರಮ್ಮ ಅಂತ. ಅವಳು ಊರಿನ ಡಾಕ್ಟರು ತಾತ ಎಂದಳು. ಚಿಕ್ಕಪ್ಪ ಇನ್ನೇನೂ ಕೇಳದೆ ಅವಳ ತಲೆ ಸವರಿದ್ದರು.

ವಿನುತಾ ಬಂದವಳೇ ಮಾಡಿದ ಮೊದಲ ಕೆಲಸ, ಅವಳಪ್ಪ ಆವತ್ತೂ ತಂದಿಟ್ಟಿದ್ದ ಕಬ್ಬಿನ ಹಾಲನ್ನು ಸಿಂಕಿಗೆ ಸುರಿದದ್ದು. ಎರಡನೆಯದು, ನಾನು ಬಾತ್‌ರೂಮಿಗೆ ಹೋಗಿ ಬಂದಮೇಲೆ ಸೋಪಿನಿಂದ ಕೈ ತೊಳೆದೆನಾ ಎಂದು ವಿಚಾರಿಸಿದ್ದು. (ಮೂವತ್ತು ವರ್ಷ ಸಂಸಾರ ಮಾಡಿದವಳನ್ನು ಕೇಳುವ ಪ್ರಶ್ನೆಯೇ ಇದು? ತೊಳೆದಿದ್ದೆ. ಸೋಪು ಮಾತ್ರ ಖಾಲಿಯಾಗಿತ್ತು.) ಪರೀಕ್ಷೆ ಇದ್ದದ್ದರಿಂದ ಅವಳು ಮದುವೆಗೆ ಬಂದಿರಲಿಲ್ಲ. ನಾನು ನಡೆದದ್ದೆಲ್ಲ ಹೇಳಿದೆ. ಯಾರ್‍ಯಾರಿಗೆ ಬಂದಿದೆ, ಯಾರ ಬಿಲಿರುಬಿನ್ ಎಷ್ಟು, ಯಾರ ಉಗುರು ಯಾವ ಬಣ್ಣ, ಎಲ್ಲವನ್ನೂ ವರದಿ ಮಾಡಿದೆ. ಅವಳು ಕೇಳುವಷ್ಟು ಕೇಳಿಸಿಕೊಂಡಳು.

"ಕಾಯಿಲೆ ಬಂದೋರ ಕಥೆ ಆಯ್ತು ದೊಡ್ಡಮ್ಮ. ಮದುವೆಗೆ ಬಂದು, ಊಟ ಮಾಡಿ, ಕಾಯಿಲೆ ಬರದೇ ಇರೋರು ಯಾರು?"

ಅಂಥವರು ಇದ್ದಾರೆಯೇ? ಇರಲೇಬೇಕು. ಛತ್ರದ ತುಂಬ ಜನ ಇದ್ದರು, ಅಷ್ಟೂ ಜನ ಹಳದಿಯಾಗಿದ್ದರೆ ಮೈಸೂರಿಗೇ ಗೊತ್ತಾಗುತ್ತಿತ್ತು. ಆದರೆ ಅವರನ್ನು ನಾವು ಯಾರೂ ಕೇಳಿರಲಿಲ್ಲ. ಕಾಯಿಲೆ ಬಂದವರ ಮನೆಗೆ ಸೇಬು ಮೋಸಂಬಿ ಹಿಡಿದುಕೊಂಡು ಹೋಗುತ್ತೇವೆ. ಬರದೇ ಇದ್ದವರ ಮನೆಗೆ ಹೋಗಿ, ಏನ್ರೀ, ಯಾಕೆ ಚೆನ್ನಾಗಿದ್ದೀರಿ ಎಂದು ಯಾರು ಕೇಳುತ್ತಾರೆ?

ಅದನ್ನೇ ಕೇಳಬೇಕು ಎಂದಳು ವಿನುತಾ. ಬಂದವರು ಏನು ತಿಂದರು ಅಂತ ಮಾತ್ರ ಕೇಳಿದರೆ ಎಲ್ಲರೂ ಅನ್ನ ಸಾರು ಅನ್ನುತ್ತಾರೆ. ಬರದವರೂ ಅದನ್ನೇ ತಿಂದಿದ್ದರೆ ಅನ್ನ ಸಾರಿನ ತಪ್ಪಿಲ್ಲ ಎಂದಾಯಿತು. ಬಂದವರು ಮುಟ್ಟಿ ಬರದವರು ಮುಟ್ಟದ ಪದಾರ್ಥ ಏನಾದರೂ ಇದೆಯಾ ಎಂದು ಹುಡುಕಬೇಕು. ಅವಳ ಓದಿನ ಅರ್ಧ ಭಾಗ ಇದೇ ಅಂತೆ. ಇಷ್ಟಕ್ಕೆ ಎಂಬಿಬಿಎಸ್ ಯಾಕೆ ಬೇಕು, ನಮ್ಮ ಬೀದಿಯ ಯಾವ ಹೆಂಗಸಾದರೂ ಮಾಡುತ್ತಾಳೆ ಎಂದೆ. ಹಾಗಾದರೆ ನೀವೇ ಮಾಡಿ ದೊಡ್ಡಮ್ಮ, ಹೇಗಿದ್ದರೂ ಮಲಗಿದ್ದೀರಿ, ಫೋನಿದೆ ಎಂದು ಹೇಳಿ ಹೋದಳು.

ಮಲಗಿಕೊಂಡು ಇನ್ನೊಬ್ಬರ ವಿಷಯ ವಿಚಾರಿಸುವುದನ್ನು ಡಾಕ್ಟರೇ ಬರೆದುಕೊಟ್ಟರೆ ನಾನು ಬಿಡುತ್ತೇನೆಯೇ? ಮನೆಯಿಂದಲೇ ಶುರು ಮಾಡಿದೆ. ನನ್ನ ಗಂಡನಿಗೆ ಕಾಯಿಲೆ ಬಂದಿರಲಿಲ್ಲ. ಅವರಿಗೆ ಶುಗರ್. ರಿಸೆಪ್ಷನ್ ಊಟದಲ್ಲಿ ಏನೇನು ತಿಂದಿರಿ ಎಂದು ಕೇಳಿದೆ. ಎರಡು ಚಪಾತಿ, ಸ್ವಲ್ಪ ಮೊಸರನ್ನ ಎಂದರು. ಇದು ವಿಜ್ಞಾನಕ್ಕೋಸ್ಕರ ಕೇಳುತ್ತಿರುವುದು, ನಿಜ ಹೇಳಿ ಎಂದೆ. ವಿಜ್ಞಾನ ಅಂದಮೇಲೆ ಮನುಷ್ಯ ಕರಗಿದರು. ಚಿರೋಟಿ, ಅದರ ಮೇಲೆ ಬಾದಾಮಿ ಹಾಲು, ಒಂದು ಲಾಡು, ಮತ್ತೆ ಇನ್ನೊಂದು ಚಿರೋಟಿ. ಆ ಸಂಜೆ ನಮ್ಮ ಮನೆಯಲ್ಲಿ ಸಾರ್ವಜನಿಕ ಆರೋಗ್ಯ ಸ್ವಲ್ಪ ಹೊತ್ತು ಹಿಂದೆ ಸರಿದು ಬೇರೆ ಮಾತು ನಡೆಯಿತು. ಅದು ಮುಗಿದ ಮೇಲೆ ಅವರು ತಮ್ಮ ಪರವಾಗಿ ಒಂದು ಸಾಕ್ಷಿ ಕೊಟ್ಟರು. ಬಾಗಿಲಲ್ಲಿ ಭಾವ ಕೊಟ್ಟ ಜ್ಯೂಸನ್ನು ಮಾತ್ರ ಶುಗರ್ ಇದೆ, ಬೇಡ ಅಂದೆ, ಎಲ್ಲರೂ ನೋಡಿದ್ದಾರೆ ಎಂದರು.

ಜ್ಯೂಸ್.

ರಿಸೆಪ್ಷನ್ ಬಾಗಿಲಲ್ಲಿ ವೆಲ್‌ಕಮ್ ಡ್ರಿಂಕ್ ಇಟ್ಟದ್ದು ಭಾವನ ಸ್ವಂತ ಐಡಿಯಾ. ಬೇರೆ ಯಾರೋ ಹುಡುಗರನ್ನು ಕರೆಸಿ, ಕುತ್ತಿಗೆಗೆ ಕೆಂಪು ಬೋ ಕಟ್ಟಿಸಿ, ಉದ್ದ ಗ್ಲಾಸಿನಲ್ಲಿ ಕಪ್ಪು ದ್ರಾಕ್ಷಿ ಜ್ಯೂಸು, ಮೇಲೆ ಪುದೀನ ಎಲೆ, ತುಂಬ ಐಸು. ಏಪ್ರಿಲ್ ಸೆಖೆ. ನಾನು ಎರಡು ಗ್ಲಾಸ್ ಕುಡಿದಿದ್ದೆ, ಇನ್ನೊಂದಕ್ಕೂ ಆಸೆಯಿತ್ತು.

ಮುಂದಿನ ಫೋನು ಶ್ರೀಕಂಠು ಚಿಕ್ಕಪ್ಪನಿಗೆ. ಆರೋಗ್ಯವಾಗಿದ್ದೀರಾ ಚಿಕ್ಕಪ್ಪ ಎಂದೆ. ನನಗೇನಾಗಿದೆ ಎಂದರು. ಮದುವೆಯಲ್ಲಿ ಊಟ ಮಾಡಿದ್ದಿರಾ ಎಂದೆ. ಅಷ್ಟು ಕೇಳಿದ್ದೇ ತಪ್ಪಾಯಿತು. ತಿಂಗಳಿಂದ ಒಳಗೆ ಇಟ್ಟುಕೊಂಡಿದ್ದದ್ದು ಕಟ್ಟೆ ಒಡೆಯಿತು. ಅವರು ಸ್ಕೂಟರಿನಲ್ಲಿ ಬಂದರಂತೆ. ಅದೇ ಹೊತ್ತಿಗೆ ಯಾರೋ ದೊಡ್ಡ ಮನುಷ್ಯರು ಕಾರಿನಲ್ಲಿ ಬಂದರಂತೆ. ಭಾವ ಚಿಕ್ಕಪ್ಪನನ್ನು ದಾಟಿಕೊಂಡು ಹೋಗಿ ಕಾರಿನವರ ಕೈಗೆ ಗ್ಲಾಸು ಕೊಟ್ಟು ಫೋಟೋ ತೆಗೆಸಿಕೊಂಡರಂತೆ.

"ಮನೆ ಹಿರಿಯ ನಾನು. ಒಂದು ಲೋಟ ಜ್ಯೂಸಿಗೂ ಗತಿ ಇಲ್ವಾ ನಂಗೆ? ಊಟ ಮಾಡಿದೆ, ಶಂಕರಣ್ಣನ ಅಡುಗೆ ಅಂತ ಮಾಡಿದೆ. ಆದರೆ ಆ ಅವಮಾನ ಮರೆಯಲ್ಲ ಕಣಮ್ಮ."

ನನಗೆ ನಗು ತಡೆಯಲಾಗಲಿಲ್ಲ. ಅವಮಾನವೇ ನಿಮ್ಮನ್ನು ಕಾಪಾಡಿದೆ ಎಂದು ಹೇಳಿದರೆ ಅವರು ಫೋನಿಡುತ್ತಿದ್ದರು. ಸಮಾಧಾನ ಮಾಡಿ ಮುಂದಿನವರಿಗೆ ಹೋದೆ.

ಹೀಗೆ ಮೂರು ನಾಲ್ಕು ದಿನ ನಡೆಯಿತು. ಆರೋಗ್ಯವಂತರನ್ನು ಮಾತಾಡಿಸುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಕಾಯಿಲೆಯವರು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಚೆನ್ನಾಗಿರುವವರು ಅನುಮಾನಪಡುತ್ತಾರೆ. ಒಬ್ಬರಂತೂ, ನಮಗೆ ಬರಲಿಲ್ಲ ಅಂತ ನಿಮಗೆ ಹೊಟ್ಟೆಯುರಿಯಾ ಎಂದೇ ಕೇಳಿದರು. ಆದರೂ ಒಂದೊಂದೇ ತುಂಡು ಸೇರಿಕೊಂಡಿತು. ಮೇಘನಾ ಮತ್ತು ಅವಳ ಗಂಡ ಕ್ಷೇಮವಾಗಿದ್ದರು. ಇಬ್ಬರೂ ಸ್ಟೇಜಿನ ಮೇಲೆ ನಿಂತುಬಿಟ್ಟಿದ್ದರು, ಜ್ಯೂಸು ಬಂದಾಗ ಲಿಪ್‌ಸ್ಟಿಕ್ ಹೋಗುತ್ತೆ ಎಂದು ಇವಳು ಬೇಡವೆಂದಳು, ಇವಳು ಬೇಡವೆಂದದ್ದಕ್ಕೆ ಅವನೂ ಬೇಡವೆಂದ (ಮದುವೆಯ ಮೊದಲ ದಿನಗಳು, ಪಾಪ). ನೆಗಡಿಯಾಗಿದ್ದವರು ಕ್ಷೇಮ. ಶುಗರ್ ಇದ್ದವರು ಕ್ಷೇಮ. ಭಾವನಿಗೆ ಗುರುತು ಸಿಗದ ದೂರದ ನೆಂಟರೆಲ್ಲ ಪರಮ ಕ್ಷೇಮ.

ನಮ್ಮೂರಿನದೇ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಮದುವೆ ಗಂಡಿನ ಜೊತೆ ಕೆಲಸ ಮಾಡುವ ಮಂಜೇಗೌಡ ಎಂಬ ಹುಡುಗನ ನಂಬರು ಸಿಕ್ಕಿತು. ಅವನೂ ಅವನ ಗೆಳೆಯರೂ ಶಿಫ್ಟು ಮುಗಿಸಿ ಬಸ್ಸು ಸಿಗದೆ ಒದ್ದಾಡಿ ಕೊನೇ ಪಂಕ್ತಿಗೆ ಬಂದಿದ್ದರು. ಹೊಟ್ಟೆ ತುಂಬ ಊಟ ಮಾಡಿದ್ದರು, ಅನ್ನ ಎರಡೆರಡು ಸಲ ಹಾಕಿಸಿಕೊಂಡಿದ್ದರು, ಒಬ್ಬನಿಗೂ ಏನೂ ಆಗಿರಲಿಲ್ಲ. ಜ್ಯೂಸ್ ಕುಡಿದಿದ್ರಾ ಎಂದೆ.

"ಎಲ್ಲಿ ಕುಡಿಯಾದು ಮೇಡಂ, ನಾವ್ ಬರೋವೊತ್ಗೆ ಗಂಟುಮೂಟೆ ಕಟ್ಬುಟ್ಟಿದ್ರು. ಊಟ ಮಾತ್ರ ಸೂಪರ್ ಕಣ್ರೀ. ಆ ಅಡುಗೆ ಮಾಡ್ದೋರ್ ನಂಬರ್ ಇದ್ರೆ ಕೊಡಿ, ನಮ್ ತಂಗಿ ಮದ್ವೆ ಐತೆ."

ಇತ್ತ ಕಾಯಿಲೆ ಬಿದ್ದವರ ಕಡೆ ನೋಡಿದರೆ, ಎಲ್ಲರೂ ಭಾವನಿಂದ ಖುದ್ದು ಉಪಚಾರ ಪಡೆದವರೇ. ಬೀಗರು, ಬೀಗರ ಅಣ್ಣತಮ್ಮಂದಿರು, ಕಾರಿನಲ್ಲಿ ಬಂದವರು, ಭಾವನ ಬ್ಯಾಂಕಿನವರು, ಮುಂದಿನ ಸೋಫಾದಲ್ಲಿ ಕೂತವರು. ಯಾರಿಗೆ ಮರ್ಯಾದೆ ಸಿಕ್ಕಿತ್ತೋ ಅವರಿಗೆ ಕಾಮಾಲೆಯೂ ಸಿಕ್ಕಿತ್ತು. ಸಾಮಾನ್ಯವಾಗಿ ನಮ್ಮ ದೇಶದಲ್ಲಿ ಕಾಯಿಲೆಯೂ ಬಡವರನ್ನು, ಗತಿಯಿಲ್ಲದವರನ್ನು, ಕೊನೇ ಪಂಕ್ತಿಯವರನ್ನೇ ಹುಡುಕಿಕೊಂಡು ಹೋಗುತ್ತದೆ. ಅಪರೂಪಕ್ಕೊಮ್ಮೆ ಉಲ್ಟಾ ಹೊಡೆದಿತ್ತು.

ಇನ್ನೊಂದು ಫೋನು ಬಾಕಿಯಿತ್ತು. ಅದನ್ನು ಯಾಕೆ ಮೊದಲೇ ಮಾಡಲಿಲ್ಲವೋ ಗೊತ್ತಿಲ್ಲ. ಊಟದ ಪ್ರತಿಯೊಂದು ಪದಾರ್ಥವನ್ನೂ ತಿಂದವರು ಛತ್ರದಲ್ಲಿ ಯಾರು? ಅಡುಗೆಯವರು. ಎಲ್ಲರದೂ ಆದಮೇಲೆ ಉಳಿದ ಅನ್ನ, ಸಾರು, ಪಲ್ಯ, ಪಾಯಸ ಬಡಿಸಿಕೊಂಡು ಕೂರುವವರು ಅವರೇ ತಾನೆ? ಶಂಕರಣ್ಣನಿಗೆ ಫೋನ್ ಮಾಡಿದೆ. ನಾನು ಯಾರೆಂದು ಹೇಳುವ ಮೊದಲೇ ದನಿ ಗುರುತು ಹಿಡಿದು, ಹುಷಾರಿಲ್ಲವಂತೆ, ಊಟ ಸೇರುತ್ತಿದೆಯಾ, ಗಂಜಿ ಮಾಡಿ ಕಳಿಸಲಾ ಎಂದರು. ಆಮೇಲೆ ತಾವೇ ತಡೆದು, ಬೇಡ ಬಿಡಿ, ನನ್ನ ಕೈಯದು ಅಂತ ನಿಮ್ಮ ಮನೇಲಿ ಏನಂತಾರೋ ಎಂದರು.

ಆ ಸಿಡುಕು ಮನುಷ್ಯನ ಬಾಯಲ್ಲಿ ಆ ಮಾತು! ನಿಮಗೆ, ನಿಮ್ಮ ಜೊತೆ ಕೆಲಸ ಮಾಡಿದವರಿಗೆ ಯಾರಿಗಾದರೂ ಕಾಮಾಲೆ ಆಗಿದೆಯಾ ಶಂಕರಣ್ಣ ಎಂದು ಕೇಳಿದೆ. ಇಲ್ಲ, ಎಲ್ಲರೂ ಗಟ್ಟಿಯಾಗಿದ್ದಾರೆ, ಕೆಲಸ ಇಲ್ಲದೆ ಇನ್ನೂ ಗಟ್ಟಿಯಾಗುತ್ತಿದ್ದಾರೆ ಎಂದರು. ಜ್ಯೂಸು ಕುಡಿದಿದ್ದಿರಾ ಎಂದೆ. ಅಡುಗೆಯವರ ಹುಡುಗಿಯೊಬ್ಬಳು ಸೆಖೆ ಅಂತ ಆಸೆಪಟ್ಟು ಹೋಗಿ ಕೇಳಿದ್ದಳಂತೆ. ಇದು ಗೆಸ್ಟುಗಳಿಗೆ, ಕಿಚನ್‌ನವರಿಗೆ ಇಲ್ಲ ಎಂದು ಬೋ ಕಟ್ಟಿದವರು ವಾಪಸು ಕಳಿಸಿದ್ದರು. ಅವರೆಲ್ಲ ಒಲೆಯ ಮೇಲೆ ಜೀರಿಗೆ ಹಾಕಿ ಕುದಿಸಿದ ನೀರನ್ನೇ ಕುಡಿದಿದ್ದರು.

"ಇಷ್ಟು ದಿನದಿಂದ ಊರೆಲ್ಲ ನನ್ ಬಗ್ಗೆ ಮಾತಾಡ್ತು ಕಣಮ್ಮ. ನಿಂಗೇನಾದ್ರೂ ಆಯ್ತೇನಯ್ಯ ಅಂತ ಫೋನ್ ಮಾಡಿದ್ದು ನೀವೊಬ್ರೇ."

ವಿನುತಾಳಿಗೆ ಎಲ್ಲ ಹೇಳಿದೆ. ಅವಳು ಐಸ್ ಎಲ್ಲಿಂದ ಬಂತು ಎಂದು ಕೇಳಿದಳು. ಅದನ್ನು ಭಾವನನ್ನೇ ಕೇಳಬೇಕಾಯಿತು. ಏನೂ ಗೊತ್ತಿಲ್ಲದವಳಂತೆ ಹೊಗಳುತ್ತಾ ಕೇಳಿದೆ. ಭಾವ ಉತ್ಸಾಹದಿಂದಲೇ ಹೇಳಿದರು. ತಂದಿದ್ದ ಐಸು ಜನ ಬರುವುದಕ್ಕೆ ಮುಂಚೆಯೇ ಕರಗಿಹೋಯಿತಂತೆ. ಬೋ ಹುಡುಗರು ಕೈಚೆಲ್ಲಿದರಂತೆ. ತಾವೇ ಸಮಯಪ್ರಜ್ಞೆಯಿಂದ ಆಟೋ ಕಳಿಸಿ, ಮಾರ್ಕೆಟ್ ಹತ್ತಿರ ಎಲ್ಲೋ ದೊಡ್ಡ ದೊಡ್ಡ ಗಡ್ಡೆ ಸಿಗುತ್ತೆ ಅಂತ, ಗೋಣಿಚೀಲದಲ್ಲಿ ಸುತ್ತಿಸಿಕೊಂಡು ತರಿಸಿ, ಛತ್ರದ ಹಿಂದೆ ಒಡೆಸಿ ಹಾಕಿಸಿದರಂತೆ. ಆ ಗಡ್ಡೆ ಕುಡಿಯುವುದಕ್ಕಲ್ಲ ಎಂದಳು ವಿನುತಾ. ಮೀನಿನ ಪೆಟ್ಟಿಗೆ ತಣ್ಣಗಿಡುವುದಕ್ಕೆ ಮಾಡುವ ಐಸು. ಅದಕ್ಕೆ ಯಾವ ನೀರಾದರೂ ನಡೆಯುತ್ತದೆ, ಮೀನು ದೂರು ಕೊಡುವುದಿಲ್ಲ.

ವಿನುತಾ ತನ್ನ ಮೇಷ್ಟ್ರ ಮೂಲಕ ಆರೋಗ್ಯ ಇಲಾಖೆಯವರಿಗೆ ಹೇಳಿದಳು. ಅವರು ಛತ್ರಕ್ಕೆ ಬಂದು ಸಂಪು ನೋಡಿದರು, ನೀರು ಪರೀಕ್ಷೆಗೆ ಒಯ್ದರು, ಐಸಿನವರನ್ನು ಹುಡುಕಿಕೊಂಡು ಹೋದರು, ನಮ್ಮ ಬೀದಿಯಲ್ಲೂ ನೀರು ಕುದಿಸಿ ಕುಡಿಯಿರಿ ಎಂದು ಹೇಳಿ ಹೋದರು. ಕರಗಿಹೋದ ಐಸನ್ನು ಪರೀಕ್ಷೆ ಮಾಡುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಕುಡಿದವರು, ಕುಡಿಯದವರು ಇಬ್ಬರೂ ಇಷ್ಟು ಸ್ಪಷ್ಟವಾಗಿ ಬೇರೆ ಬೇರೆ ನಿಂತಮೇಲೆ ಅಡುಗೆಯನ್ನು ದೂರುವುದಕ್ಕೆ ಏನೂ ಉಳಿದಿಲ್ಲ ಎಂದಳು ವಿನುತಾ. ನಾನು ಅಷ್ಟನ್ನೂ ಗ್ರೂಪಿನಲ್ಲಿ ಹಾಕಿದೆ. ಜ್ಯೂಸು, ಐಸು, ಗೋಣಿಚೀಲ, ಮೀನು. ಶಂಕರಣ್ಣನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಅವರ ಅಡುಗೆಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಸೇರಿಸಿದೆ.

ಗ್ರೂಪು ಹೊತ್ತಿಕೊಂಡಿತು. ಯಾಕೆ ಗೊತ್ತೆ? ಮೀನಿಗೆ.

ಕಾಮಾಲೆಯನ್ನು ಎಲ್ಲರೂ ಕ್ಷಮಿಸಿದರು. ಮೀನನ್ನು ಯಾರೂ ಕ್ಷಮಿಸಲಿಲ್ಲ. ಅತ್ತೆಯೊಬ್ಬರು ಪಂಚಗವ್ಯ ಎಲ್ಲಿ ಸಿಗುತ್ತೆ ಎಂದು ವಿಚಾರಿಸಿದರು. ಪ್ರಾಯಶ್ಚಿತ್ತಕ್ಕೆ ಯಾವ ಹೋಮ ಎಂದು ಇನ್ನೊಬ್ಬರು ಪುರೋಹಿತರಿಗೇ ಫೋನ್ ಮಾಡಿದರು. ವಿನುತಾ ತಡೆಯಲಾರದೆ ಒಂದು ಸಾಲು ಬರೆದಳು. ಈ ರೋಗ ಮೀನಿನಿಂದ ಬರುವುದಿಲ್ಲ, ಕಾಯಿಲೆಯಿದ್ದ ಮನುಷ್ಯರ ಮಲ ನೀರಿಗೆ ಸೇರಿ ಅದು ನಮ್ಮ ಬಾಯಿಗೆ ಬಂದಾಗ ಬರುತ್ತದೆ. ಗ್ರೂಪು ಪೂರ್ತಿ ತಣ್ಣಗಾಯಿತು. ಅದಕ್ಕೆ ಯಾವ ಹೋಮವಿದೆ ಎಂದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಯಾರೋ, ದೊಡ್ಡವರಿರುವ ಗ್ರೂಪಿನಲ್ಲಿ ಇಂಥ ಮಾತು ಬೇಡಮ್ಮ ಎಂದು ಬರೆದರು.

ನೋಡಿ, ನಮ್ಮ ತೊಂದರೆ ಇರುವುದೇ ಇಲ್ಲಿ. ಆರೋಗ್ಯ ಅಂದರೆ ನಮಗೆ ಆಸ್ಪತ್ರೆ. ಹೊಳೆಯುವ ಗಾಜಿನ ಕಟ್ಟಡ, ಲಿಫ್ಟು, ಹೆಸರಿನ ಮುಂದೆ ನಾಲ್ಕು ಡಿಗ್ರಿ. ಹೊಸ ಆಸ್ಪತ್ರೆಗೆ ಟೇಪು ಕತ್ತರಿಸಲು ದೊಡ್ಡವರು ಓಡೋಡಿ ಬರುತ್ತಾರೆ. ಒಡೆದ ಒಳಚರಂಡಿ ಪೈಪನ್ನು ಸರಿಮಾಡಿದ ದಿನ ಯಾರಾದರೂ ಹಾರ ಹಾಕಿಸಿಕೊಂಡು ಫೋಟೋಗೆ ನಿಂತಿದ್ದಾರೆಯೇ? ನಮ್ಮ ಮನೆಗೆ ಬರುವ ಕುಡಿಯುವ ನೀರಿನ ಪೈಪು, ನಮ್ಮ ಮನೆಯಿಂದ ಹೋಗುವ ಆ ಇನ್ನೊಂದು ಪೈಪು, ಇವೆರಡೂ ಒಂದನ್ನೊಂದು ಭೇಟಿಯಾಗದಂತೆ ನೋಡಿಕೊಳ್ಳುವವರು ಉಳಿಸುವಷ್ಟು ಜೀವಗಳನ್ನು ಯಾವ ಹಾರ್ಟ್ ಸರ್ಜನ್ನೂ ಉಳಿಸಲಾರ. ಆದರೆ ಅವರಿಂದ ಉಳಿದವರಿಗೆ ಉಳಿದೆವು ಎಂದೇ ಗೊತ್ತಾಗುವುದಿಲ್ಲ. ಬಾರದ ಕಾಯಿಲೆಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ?

ಅದಕ್ಕೇ ಇರಬೇಕು, ವಿನುತಾಳನ್ನು ಕಂಡರೆ ನಮಗೆ ಅಯ್ಯೋ ಪಾಪ ಅನಿಸುವುದು. ಅವಳ ಕೆಲಸ ಸರಿಯಾಗಿ ಆದರೆ ಏನೂ ಆಗುವುದಿಲ್ಲ.

ಭಾವ ಎರಡು ದಿನ ಗ್ರೂಪಿನಲ್ಲಿ ಕಾಣಿಸಲಿಲ್ಲ. ಮೂರನೆಯ ದಿನ ಕೈಮುಗಿದ ಚಿಹ್ನೆಯೊಂದಿಗೆ ಬಂದರು. ಆದದ್ದು ಆಯಿತು, ಯಾರನ್ನೂ ಬ್ಲೇಮ್ ಮಾಡುವುದು ಬೇಡ, ಎಲ್ಲ ದೇವರಿಚ್ಛೆ, ಈ ವಿಷಯ ಇಲ್ಲಿಗೆ ಮುಗಿಸೋಣ. ಅದಕ್ಕೆ ಸಾಲಾಗಿ ಹೆಬ್ಬೆರಳುಗಳು ಬಿದ್ದವು. ಅಡುಗೆಯವರ ಮೇಲೆ ಅನುಮಾನವಿದ್ದಾಗ ಹೆಸರು ಹಿಡಿದು ಊರಿಗೆಲ್ಲ ಫಾರ್ವರ್ಡ್ ಮಾಡಿದ್ದೆವು. ಭಾವನ ಐಸು ಎಂದು ಗೊತ್ತಾದ ತಕ್ಷಣ ಅದು ದೇವರಿಚ್ಛೆಯಾಯಿತು. ನನಗೆ ಸಿಟ್ಟು ಬಂತು. ಅವರು ಹೆಬ್ಬೆರಳಿಗೆ ಸಂತೋಷಪಟ್ಟುಕೊಂಡು ಕೂತಿರುವಾಗ ಹಿಂದಿನ ಬೀದಿಯಲ್ಲಿ ಶಂಕರಣ್ಣ ಮೂಲೆಯಲ್ಲಿ ಬೋರಲು ಹಾಕಿದ ಕೊಳಗಗಳನ್ನು ನೋಡುತ್ತಾ ಕೂತಿದ್ದರಲ್ಲ? ಅವರ ಬಗ್ಗೆ ಹರಡಿದ ಮೆಸೇಜು ಹೋದ ಗ್ರೂಪುಗಳಿಗೆಲ್ಲ ಈ ಮೆಸೇಜೂ ಹೋಗಬೇಡವೇ? ಹೋಗಲಿಲ್ಲ. ಕೆಟ್ಟ ಸುದ್ದಿ ಕಾಮಾಲೆಗಿಂತ ಬೇಗ ಅಂಟುತ್ತದೆ, ಸ್ಪಷ್ಟನೆ ಯಾರಿಗೂ ಅಂಟುವುದಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಶ್ರೀಕಂಠು ಚಿಕ್ಕಪ್ಪನ ಹಳೆಯ ಸಿಟ್ಟು. ಜ್ಯೂಸು ಸಿಗದ್ದಕ್ಕೇ ತಾವು ಉಳಿದದ್ದು ಎಂದು ತಿಳಿದಮೇಲೆ ಅವರ ಸಂತೋಷ ಹೇಳತೀರದು. ರಂಗನಾಥ ಅವಮಾನ ಮಾಡಿದ, ದೇವರು ಕಾಪಾಡಿದ ಎಂದು ಸಿಕ್ಕಿದವರಿಗೆಲ್ಲ ಹೇಳಿದರು. ಅದೇ ಹುರುಪಿನಲ್ಲಿ ಶಂಕರಣ್ಣನ ಮನೆಗೆ ತಾವೇ ಸ್ಕೂಟರಿನಲ್ಲಿ ಹೋಗಿ, ಉಪನಯನದ ಅಡುಗೆ ನೀವೇ ಮಾಡಬೇಕು, ನಾನು ಬೇಡ ಎಂದದ್ದು ತಪ್ಪು ಎಂದು ಬಾಗಿಲಲ್ಲೇ ನಿಂತು ಹೇಳಿ ಬಂದರಂತೆ. ಶಂಕರಣ್ಣ ಒಳಗೆ ಬನ್ನಿ, ಚಪ್ಪಲಿ ಹೊರಗೆ ಬಿಡಿ ಎಂದರಂತೆ. ಸಿಡುಕು ವಾಪಸು ಬಂದಿದೆ ಎಂದು ಕೇಳಿ ನನಗೆ ಜೀವ ಬಂದಂತಾಯಿತು.

ಉಪನಯನದ ಹೊತ್ತಿಗೆ ನನ್ನ ಕಣ್ಣು ಬೆಳ್ಳಗಾಗಿತ್ತು. ಛತ್ರದ ಬಾಗಿಲಲ್ಲಿ ಬೋ ಕಟ್ಟಿದವರಿರಲಿಲ್ಲ. ಚಿಕ್ಕಪ್ಪನೇ ಸ್ಟೀಲು ಲೋಟಗಳ ಮುಂದೆ ನಿಂತು, ಕಾರಿನವರು ಸ್ಕೂಟರಿನವರು ಎನ್ನದೆ ಬಂದವರಿಗೆಲ್ಲ ಬೆಚ್ಚಗಿನ ಜೀರಿಗೆ ನೀರು ಕೊಟ್ಟರು. ಪೂರ್ತಿ ಕುಡಿಯುವವರೆಗೂ ಮುಂದೆ ಬಿಡಲಿಲ್ಲ. ಮುಖ ಕಿವುಚಿಕೊಂಡವರೂ ಇದ್ದರು. ಕೈ ತೊಳೆಯುವ ಜಾಗದಲ್ಲಿ ಸೋಪು ಇತ್ತು (ನಮ್ಮ ಕಡೆಯ ಛತ್ರಗಳಲ್ಲಿ ಇದು ಸುದ್ದಿ). ಅಡುಗೆಮನೆಯಿಂದ ಶಂಕರಣ್ಣ ಯಾರನ್ನೋ ಬೈಯುತ್ತಿದ್ದ ದನಿ ಮಂಟಪದವರೆಗೂ ಕೇಳಿಸುತ್ತಿತ್ತು. ಮಂತ್ರಕ್ಕಿಂತ ಅದೇ ಜೋರಾಗಿತ್ತು. ಬಿಸಿಬೇಳೆಭಾತು ಎಂದಿನಂತಿತ್ತು. ಮೂಲೆಯಲ್ಲಿ ನಮ್ಮ ಎದುರು ಮನೆಯವರು ಶಂಕರಣ್ಣನ ಹತ್ತಿರ ಶ್ರಾವಣದ ದಿನವೊಂದನ್ನು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು.

ಭಾವನೂ ಬಂದಿದ್ದರು. ಎರಡನೇ ಪಂಕ್ತಿಯಲ್ಲಿ ಕೂತು, ತಲೆ ಎತ್ತದೆ, ಚೆನ್ನಾಗಿ ಊಟ ಮಾಡಿದರು. ಭಾತು ಎರಡನೇ ಸಲ ಹಾಕಿಸಿಕೊಂಡರು. ಎಲೆ ಮಡಚಿ ಕೈ ತೊಳೆದು (ಸೋಪಿನಿಂದ, ನಾನು ನೋಡಿದೆ) ನನ್ನ ಹತ್ತಿರ ಬಂದು, ಅಡುಗೆ ಚೆನ್ನಾಗಿತ್ತು, ಶಂಕರಣ್ಣನಿಗೆ ನಾನು ಹೇಳಿದೆ ಅಂತ ಹೇಳಿಬಿಡು ಎಂದರು.

"ಅಡುಗೆಮನೆ ಅಲ್ಲೇ ಇದೆ ಭಾವ. ನೀವೇ ಹೇಳಿ," ಎಂದೆ.

ಭಾವ ಆ ಬಾಗಿಲ ಕಡೆ ನೋಡಿದರು. ಊಟದ ಹಾಲಿನಿಂದ ಅಲ್ಲಿಗೆ ಹೆಚ್ಚು ದೂರವಿರಲಿಲ್ಲ. ತಮ್ಮ ಕಾಲಲ್ಲಿದ್ದ ಚಪ್ಪಲಿ ನೋಡಿಕೊಂಡರು. ಹೊರಗೆ ಆಟೋ ಕಾಯುತ್ತಿದೆ, ಲೇಟಾಗುತ್ತೆ ಎಂದು ಹೇಳಿ ಮೆಟ್ಟಿಲು ಇಳಿದುಹೋದರು.

ಕಾಮಾಲೆ ಬಂದು, ಇದ್ದು, ವಾಸಿಯಾಗಿ ಹೋಗುವುದಕ್ಕೆ ಎಷ್ಟು ದಿನ ಬೇಕೆಂದು ಡಾಕ್ಟರು ಹೇಳುತ್ತಾರೆ, ಭಾವನಂಥವರು ಅಡುಗೆಮನೆಯ ಬಾಗಿಲವರೆಗೆ ನಡೆಯುವುದಕ್ಕೆ ಎಷ್ಟು ದಿನ ಬೇಕೆಂದು ಯಾರನ್ನು ಕೇಳಲಿ?